ಗರಡಿಯ ಗಿಡ್ಡ ಬಾಗಿಲು

ನನ್ನ ತವರುಮನೆ ಇದ್ದದ್ದು ಮೈಸೂರಿನ ಹಳೆಯ ಬೀದಿಯೊಂದರಲ್ಲಿ. ಬೀದಿಯ ತುದಿಗೆ ಒಂದು ಗರಡಿಮನೆ. ಬೆಳಗಿನ ಜಾವ ಹಾಲು ತರಲು ಅದರ ಮುಂದೆಯೇ ಹೋಗಬೇಕು. ಒಳಗಿನಿಂದ ಕೆಮ್ಮಣ್ಣು, ಎಣ್ಣೆ, ಊದುಬತ್ತಿ ಎಲ್ಲ ಬೆರೆತ ಒಂದು ವಾಸನೆ ಬರುತ್ತಿತ್ತು. ಯಾರೋ ಏದುಸಿರು ಬಿಡುತ್ತಾ ಬಸ್ಕಿ ಹೊಡೆಯುವ ಸದ್ದು ಕೇಳುತ್ತಿತ್ತು. ಒಳಗೆ ಏನಿದೆ ಎಂದು ನಾನು ನೋಡಿದವಳಲ್ಲ. ಹೆಣ್ಣುಮಕ್ಕಳು ಅಲ್ಲಿ ಕಾಲಿಡುವಂತಿರಲಿಲ್ಲ. ನಾನು ಕಂಡದ್ದು ಅದರ ಬಾಗಿಲನ್ನು ಮಾತ್ರ. ಅದು ಎಷ್ಟು ಗಿಡ್ಡವೆಂದರೆ, ಆರಡಿ ಎತ್ತರದ ಪೈಲ್ವಾನರು ಸೊಂಟ ಬಗ್ಗಿಸಿ, ತಲೆ ತಗ್ಗಿಸಿ, ಒಬ್ಬೊಬ್ಬರಾಗಿ ಒಳಗೆ ಇಳಿಯುತ್ತಿದ್ದರು. ಇಳಿಯುತ್ತಿದ್ದರು ಎಂದೇ ಹೇಳಬೇಕು, ಏಕೆಂದರೆ ಒಳಗಿನ ನೆಲ ಬೀದಿಗಿಂತ ತಗ್ಗಿನಲ್ಲಿತ್ತು.

"ಇಷ್ಟು ದೊಡ್ಡೋರಿಗೆ ಅಷ್ಟು ಚಿಕ್ಕ ಬಾಗಿಲು ಯಾಕಪ್ಪಾ?" ಎಂದು ಒಮ್ಮೆ ಕೇಳಿದ್ದೆ.

"ಗಾಳಿ ನುಗ್ಗಿ ಮಣ್ಣು ಒಣಗಬಾರದು ಅಂತ ಕಟ್ಟಿದ್ದು. ನಮ್ಮ ಉಸ್ತಾದರು ಮಾತ್ರ ಬೇರೇನೇ ಹೇಳೋರು. ತಲೆ ಎತ್ಕೊಂಡು ಬರೋನಿಗೆ ಮೊದಲನೇ ದಿನಾನೇ ಹಣೆ ಬುಗುಟೆ ಬರ್ಲಿ ಅಂತ" ಎಂದು ಅಪ್ಪ ನಕ್ಕಿದ್ದರು.

ಅಪ್ಪ ಹದಿನಾರರ ವಯಸ್ಸಿನಲ್ಲಿ ಆ ಗರಡಿಗೆ ಸೇರಿದವರು. ಸೇರುವ ಹೊತ್ತಿಗೆ ತಮಗೆ ಎಲ್ಲ ಗೊತ್ತಿದೆಯೆಂದೇ ಭಾವಿಸಿದ್ದರಂತೆ. ಕಾರಣ, ಗೆಳೆಯನ ಮನೆಯಲ್ಲಿ ಸಿಕ್ಕ ಒಂದು ಇಂಗ್ಲಿಷ್ ಪುಸ್ತಕ: ಬೆಂಗಳೂರಿನ ಕೆ.ವಿ. ಅಯ್ಯರ್ ಬರೆದದ್ದು. ಅದರ ಚಿತ್ರಗಳನ್ನು ನೋಡಿ ನೋಡಿ, ಯಾವ ಮಾಂಸಖಂಡಕ್ಕೆ ಏನು ಹೆಸರು ಎಂಬುದನ್ನೆಲ್ಲ ಬಾಯಿಪಾಠ ಮಾಡಿದ್ದರು. ಉಸ್ತಾದರ ಎದುರಿಗೆ ಅದನ್ನು ಒಪ್ಪಿಸಿಯೂ ಬಿಟ್ಟರು. ಉಸ್ತಾದರು ಪೂರ್ತಿ ಕೇಳಿಸಿಕೊಂಡು, "ಶಾನೆ ಓದಿದ್ದೀಯ" ಎಂದು ಹೇಳಿ ಕೈಗೆ ಗುದ್ದಲಿ ಕೊಟ್ಟರಂತೆ. ಮೂರು ತಿಂಗಳು ಅಖಾಡದ ಮಣ್ಣು ಅಗೆದು ಹದ ಮಾಡುವುದು, ನೀರು ಹೊರುವುದು, ಹಿರಿಯರ ಬೆನ್ನಿಗೆ ಎಣ್ಣೆ ತಿಕ್ಕುವುದು, ಇಷ್ಟೇ. ಕುಸ್ತಿ ಹಾಗಿರಲಿ, ಗದೆ ಮುಟ್ಟುವುದಕ್ಕೂ ಬಿಡಲಿಲ್ಲ. "ಆಮೇಲೆ ನೋಡ್ಕೊಂಡ್ರೆ ತೋಳು ಅಷ್ಟೊತ್ತಿಗೇ ಬಂದ್ಬಿಟ್ಟಿತ್ತು" ಎನ್ನುತ್ತಿದ್ದರು ಅಪ್ಪ.

ಈ ಕಥೆಯನ್ನು ನಾನು ಎಷ್ಟೋ ತರಗತಿಗಳಲ್ಲಿ ಮಕ್ಕಳಿಗೆ ಹೇಳಿದ್ದೇನೆ. ಅದು ನನಗೇ ಬೇಕಾಗುತ್ತದೆಂದು ಮಾತ್ರ ತಿಳಿದಿರಲಿಲ್ಲ.

ಎರಡು ವರ್ಷದ ಹಿಂದೆ ಬಚ್ಚಲುಮನೆಯಲ್ಲಿ ಜಾರಿದೆ. ಬಿದ್ದದ್ದೇನೂ ದೊಡ್ಡದಲ್ಲ, ಕೈಯೂರಿದೆ, ಅಷ್ಟೆ. ಮಣಿಕಟ್ಟು ಮುರಿಯಿತು. ಡಾಕ್ಟರು ಮೂಳೆಯ ಸಾಂದ್ರತೆ ಪರೀಕ್ಷೆ ಮಾಡಿಸಿದರು. ವರದಿ ನೋಡಿ, "ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಬೇಗ ಸವೆಯುತ್ತದೆ. ಮಾತ್ರೆ ನುಂಗಿದರೆ ಸಾಲದು, ನೀವು ಭಾರ ಎತ್ತಬೇಕು" ಎಂದರು. ನಾನು ಅವಾಕ್ಕಾದೆ. ಮೈನೆರೆದಂದಿನಿಂದ 'ಭಾರ ಎತ್ತಬೇಡ' ಎಂಬ ಮಾತನ್ನು ಕೇಳಿಕೊಂಡೇ ಬೆಳೆದವಳು ನಾನು. (ಹಾಗೆ ಹೇಳುತ್ತಿದ್ದವರೇ ಎರಡು ಕೊಡ ನೀರು ತಾ ಎಂದು ಬಾವಿಗೆ ಅಟ್ಟುತ್ತಿದ್ದರು, ಆ ಮಾತು ಬೇರೆ.) ಐವತ್ತಾರನೆಯ ವಯಸ್ಸಿನಲ್ಲಿ, ಸೀರೆ ಬಿಟ್ಟು ಚೂಡಿದಾರ ತೊಟ್ಟು, ಅಣ್ಣನ ಮಗಳ ಹಿಂದೆ ಜಿಮ್ಮಿನ ಮೆಟ್ಟಿಲು ಹತ್ತಿದೆ.

ಅಲ್ಲಿ ಕಲಿಸುವವನು ನನ್ನ ಹಳೆಯ ವಿದ್ಯಾರ್ಥಿ! ಎಂಟನೆಯ ತರಗತಿಯಲ್ಲಿ ಸಮಾಜ ಪಾಠಕ್ಕೆ ಮೂವತ್ತೈದು ಅಂಕ ಮುಟ್ಟಿಸಲು ನನ್ನ ಪ್ರಾಣ ಹಿಂಡಿದವನು. "ಮಿಸ್, ನೀವಾ!" ಎಂದು ಎದ್ದು ನಿಂತ. ಈಗಲೂ ನಾನು ಒಳಗೆ ಬಂದರೆ ಎದ್ದು ನಿಲ್ಲುತ್ತಾನೆ.

ನಾನು ಬರಿಗೈಯಲ್ಲಿ ಹೋಗಿರಲಿಲ್ಲ. ಮೇಷ್ಟ್ರ ಜಾತಿಯಲ್ಲವೇ, ಒಂದು ತಿಂಗಳು ಕೂತು ಓದಿಕೊಂಡು ಹೋಗಿದ್ದೆ. ಅಣ್ಣನ ಮಗಳು ಫಿಸಿಯೋಥೆರಪಿ ಓದುತ್ತಿದ್ದಾಳೆ. ಅವಳು ಕಾಲೇಜಿನಿಂದ ತಂದುಕೊಟ್ಟ ಕಟ್ಟುಗಟ್ಟಲೆ ಹಾಳೆಗಳಿದ್ದವು. ಓದುವುದಕ್ಕೆ ಶುರು ಮಾಡಿದ್ದು ಅಪ್ಪನ ಕೆ.ವಿ. ಅಯ್ಯರ್ ಅವರಿಂದಲೇ.

ಅಯ್ಯರ್ ಎಂದರೆ ನಮ್ಮ ವಯಸ್ಸಿನ ಓದುಗಿತ್ತಿಯರಿಗೆ ತಟ್ಟನೆ ಹೊಳೆಯುವುದು 'ಶಾಂತಲಾ' ಕಾದಂಬರಿ, ಇಲ್ಲವೇ 'ರೂಪದರ್ಶಿ'. ಹೊಯ್ಸಳರ ರಾಣಿಯ ಕಥೆಯನ್ನು ಕಣ್ಣೀರು ಬರುವಂತೆ ಬರೆದ ಕೈ ದಿನವೂ ಕಬ್ಬಿಣದ ಗುಂಡು ಎತ್ತುತ್ತಿದ್ದ ಕೈ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ೧೮೯೭ರಲ್ಲಿ ಹುಟ್ಟಿದ ಕೋಲಾರ ವೆಂಕಟೇಶ ಅಯ್ಯರ್ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದರು. ನಾಟಕಕಾರ ಕೈಲಾಸಂ ಅವರ ಆಪ್ತ ಗೆಳೆಯರು. ೧೯೩೦ರಲ್ಲಿ 'ಮಸಲ್ ಕಲ್ಟ್' ಎಂಬ ಪುಸ್ತಕ ಬಂತು, ಕೆಲವು ವರ್ಷಗಳ ಮೇಲೆ ಸೂರ್ಯನಮಸ್ಕಾರದ ಬಗ್ಗೆಯೇ ಇನ್ನೊಂದು. ಊರೂರಿನ ಹುಡುಗರಿಗೆ ಅಂಚೆಯ ಮೂಲಕ ವ್ಯಾಯಾಮದ ಪಾಠ ಕಳಿಸುತ್ತಿದ್ದರು. ಅವರು ತೀರಿಕೊಂಡದ್ದು ೧೯೮೦ರಲ್ಲಿ.

ತಮ್ಮ ಮೈಕಟ್ಟಿನ ಬಗ್ಗೆ ಬರೆದುಕೊಳ್ಳುವಾಗ ಅಯ್ಯರ್ ಅವರಿಗೆ ಸಂಕೋಚವೇನೂ ಇರಲಿಲ್ಲ. ಗ್ರೀಕ್ ಶಿಲ್ಪದಂತೆ ನಿಂತ ತಮ್ಮ ಭಾವಚಿತ್ರಗಳನ್ನು ಧಾರಾಳವಾಗಿ ಅಚ್ಚು ಹಾಕಿಸಿದ್ದರು. ಅಂಥವರಲ್ಲಿ ವಿನಯ ಎಲ್ಲಿಂದ ಬರಬೇಕು ಎಂದು ನನಗೂ ಮೊದಲು ಅನ್ನಿಸಿತ್ತು. ಆದರೆ ಅವರು ಮಾಡಿದ್ದನ್ನು ನೋಡಿ. ಪಡುವಣದ ಡಂಬೆಲ್ಸ್ ಹಿಡಿದವರು ನಮ್ಮ ನಮಸ್ಕಾರ, ಆಸನಗಳನ್ನು ಹಳ್ಳಿಯ ಸಾಮು ಎಂದು ತಳ್ಳಿಹಾಕಲಿಲ್ಲ. ನಮ್ಮದೇ ಶ್ರೇಷ್ಠ ಎಂದು ಹಟ ಹಿಡಿದು ಡಂಬೆಲ್ಸನ್ನೂ ದೂರ ಇಡಲಿಲ್ಲ. ಎರಡು ಕಡೆಯದನ್ನೂ ಮೊದಲು ತಮ್ಮ ಮೈಮೇಲೆ ಹಾಕಿಕೊಂಡು ನೋಡಿ, ಆಮೇಲೆ ಇನ್ನೊಬ್ಬರಿಗೆ ಹೇಳಿದರು. ಕನ್ನಡಿಯ ಮುಂದೆ ಸ್ವಲ್ಪ ಹೆಚ್ಚು ಹೊತ್ತು ನಿಂತರೆ ನಿಂತುಕೊಳ್ಳಲಿ ಬಿಡಿ.

ಅಯ್ಯರ್ ಅವರಿಗೆ ದೊರೆತ ಆ ಪಡುವಣದ ವಿದ್ಯೆಯ ಮೂಲಪುರುಷ ಯೂಜೀನ್ ಸ್ಯಾಂಡೋ. ಪ್ರಷ್ಯದಲ್ಲಿ ೧೮೬೭ರಲ್ಲಿ ಹುಟ್ಟಿ, ಇಂಗ್ಲೆಂಡಿನಲ್ಲಿ ಹೆಸರು ಮಾಡಿದ ಮನುಷ್ಯ. ಮೈಗೆಲ್ಲ ಬಿಳಿಯ ಪುಡಿ ಬಳಿದುಕೊಂಡು ಅಮೃತಶಿಲೆಯ ವಿಗ್ರಹದಂತೆ ರಂಗದ ಮೇಲೆ ನಿಲ್ಲುತ್ತಿದ್ದ. ಜನ ದುಡ್ಡು ಕೊಟ್ಟು ನೋಡುತ್ತಿದ್ದರು. ೧೯೦೧ರ ಸೆಪ್ಟೆಂಬರ್ ೧೪ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಅವನು ನಡೆಸಿದ್ದು ಜಗತ್ತಿನ ಮೊದಲ ದೊಡ್ಡ ಅಂಗಸೌಷ್ಠವ ಸ್ಪರ್ಧೆ. ಅವನ ಜೊತೆ ತೀರ್ಪು ಕೊಡಲು ಕುಳಿತಿದ್ದವರು ಒಬ್ಬ ಶಿಲ್ಪಿ ಮತ್ತು ಷೆರ್ಲಾಕ್ ಹೋಮ್ಸನನ್ನು ಸೃಷ್ಟಿಸಿದ ಕಾನನ್ ಡಾಯ್ಲ್! ಅಂದು ಬರೀ ಮಾಂಸದ ಗಾತ್ರಕ್ಕೆ ಅಂಕ ಕೊಡಲಿಲ್ಲ. ಅಂಗಾಂಗಗಳ ಹೊಂದಾಣಿಕೆಗೂ ಆರೋಗ್ಯಕ್ಕೂ ಬೆಲೆಯಿತ್ತು. ೧೯೦೪-೦೫ರಲ್ಲಿ ಸ್ಯಾಂಡೋ ಇಂಡಿಯಾಕ್ಕೂ ಬಂದು ಪ್ರದರ್ಶನ ಕೊಟ್ಟು ಹೋದ.

ಸ್ಯಾಂಡೋ ರಂಗದ ಮೇಲೆ ಎತ್ತುತ್ತಿದ್ದುದು ದೈತ್ಯ ಭಾರ. ಆದರೆ ೧೮೯೭ರಲ್ಲಿ ಬರೆದ ಪುಸ್ತಕದಲ್ಲಿ ಸಾಮಾನ್ಯ ಜನಕ್ಕೆ ಹೇಳಿದ್ದು ಕೆಲವೇ ಪೌಂಡಿನ ಡಂಬೆಲ್ಸ್, ವಯಸ್ಸಿಗೆ ತಕ್ಕ ಲೆಕ್ಕ, ಅದನ್ನು ಮೆಲ್ಲಮೆಲ್ಲಗೆ ಏರಿಸುವ ಪಟ್ಟಿ. ಅದರಲ್ಲಿ ವ್ಯಾಪಾರವೂ ಇತ್ತು, ಡಂಬೆಲ್ಸ್ ಮಾರುತ್ತಿದ್ದವನೂ ಅವನೇ. ಆದರೂ ತಾನು ಎತ್ತಿದ್ದನ್ನು ಊರೆಲ್ಲ ಎತ್ತಲಿ ಎನ್ನಲಿಲ್ಲವಲ್ಲ, ಅದನ್ನು ಮೆಚ್ಚಬೇಕು.

ಮೆಲ್ಲಗೆ ಏರಿಸುವುದು ಎಂದಕೂಡಲೇ ಚರಿತ್ರೆಯ ಪಾಠ ಮಾಡುವವರಿಗೆ ಮೈಲೋ ನೆನಪಾಗುತ್ತಾನೆ. ಕ್ರಿಸ್ತಪೂರ್ವ ಆರನೆಯ ಶತಮಾನದ ಗ್ರೀಕ್ ಜಟ್ಟಿ. ಒಲಿಂಪಿಕ್ ಕುಸ್ತಿಯಲ್ಲಿ ಆರು ಸಲ ಗೆದ್ದವನು. ಎಳೆಗರುವೊಂದನ್ನು ದಿನವೂ ಹೆಗಲಿಗೇರಿಸಿಕೊಂಡು ನಡೆದನಂತೆ. ಕರು ಬೆಳೆದು ಹೋರಿಯಾಯಿತು, ಇವನು ಹೊರುತ್ತಲೇ ಇದ್ದ. ಈ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಅವನ ಸಾವಿನ ಕಥೆಯನ್ನು ಹೇಳುವವರು ಕಡಿಮೆ. ಕಾಡಿನಲ್ಲಿ ಯಾರೋ ಬೆಣೆ ಹೊಡೆದು ಅರ್ಧ ಸೀಳಿ ಬಿಟ್ಟಿದ್ದ ಮರವೊಂದು ಕಂಡಿತು. ಬರಿಗೈಯಿಂದ ಇದನ್ನು ಸೀಳಿಬಿಡುತ್ತೇನೆಂದು ಸಂದಿಗೆ ಕೈ ಹಾಕಿದ. ಬೆಣೆ ಕಳಚಿ ಬಿತ್ತು, ಮರ ಕೂಡಿಕೊಂಡಿತು, ಕೈ ಸಿಕ್ಕಿಕೊಂಡಿತು. ರಾತ್ರಿ ತೋಳಗಳು ಬಂದವು. ಇದು ದಂತಕಥೆಯೇ ಇರಬಹುದು. ಒಂದು ಕರುವಿನ ತೂಕದಷ್ಟರಿಂದ ಶುರು ಮಾಡಿ ಇಷ್ಟೆತ್ತರಕ್ಕೆ ಬಂದವನು, ಹೊಸ ಕೆಲಸಕ್ಕೆ ಕೈ ಹಾಕುವಾಗ ಮತ್ತೆ ಕರುವಿನಿಂದ ಶುರು ಮಾಡುವುದನ್ನು ಮರೆತನಲ್ಲ ಎಂದು ನನಗೆ ಪ್ರತಿಸಲವೂ ಅನ್ನಿಸುತ್ತದೆ.

ಇಷ್ಟೆಲ್ಲ ಓದಿದ ನಾನು ಮಾಡಿದ್ದೇನು? ಅದಕ್ಕೆ ಇನ್ನೊಬ್ಬರ ಕಥೆಯನ್ನು ಹೇಳಬೇಕು.

ಥಾಮಸ್ ಡಿಲೋರ್ಮ್ ಅಮೆರಿಕದ ಡಾಕ್ಟರು, ೧೯೧೭ರಲ್ಲಿ ಹುಟ್ಟಿದವರು. ಹುಡುಗನಾಗಿದ್ದಾಗ ಅವರಿಗೆ ರೂಮ್ಯಾಟಿಕ್ ಜ್ವರ ಬಂತು. ಕೀಲುಗಳನ್ನು ನೆಕ್ಕಿ ಹೃದಯವನ್ನು ಕಚ್ಚುವ ಕಾಯಿಲೆ ಎಂದು ಹೇಳುವುದು ಇದನ್ನೇ. ತಿಂಗಳುಗಟ್ಟಲೆ ಹಾಸಿಗೆ ಹಿಡಿದ ಹುಡುಗ, ಮಲಗಿಕೊಂಡೇ ಅಂಗಸಾಧನೆಯ ಪತ್ರಿಕೆಗಳನ್ನು ಓದುತ್ತಿದ್ದ. ಎದ್ದ ಮೇಲೆ ಭಾರ ಎತ್ತಿಯೇ ಮೈಯನ್ನು ಕಟ್ಟಿಕೊಂಡ. ಮುಂದೆ ವೈದ್ಯನಾಗಿ ಎರಡನೆಯ ಮಹಾಯುದ್ಧದ ಕಾಲಕ್ಕೆ ಷಿಕಾಗೋದ ಸೈನ್ಯದ ಆಸ್ಪತ್ರೆಗೆ ಬಂದರು. ಅಲ್ಲಿ ಮಂಚ ಮಂಚದ ಮೇಲೂ ಕಾಲು ಮುರಿದ, ಮಂಡಿ ಕೆಟ್ಟ ಸೈನಿಕರು. ಪಟ್ಟಿ ಬಿಚ್ಚಿದ ಮೇಲೆ ಕಾಲು ಕಡ್ಡಿಯಂತೆ ಸೊರಗಿರುತ್ತಿತ್ತು. ಅಂದಿನ ವೈದ್ಯರು ಹೇಳುತ್ತಿದ್ದುದು ಹಗುರವಾದ ವ್ಯಾಯಾಮವನ್ನು ಬಹಳ ಸಲ ಮಾಡಿ ಎಂದು. ಮಾಡಿದರೂ ಕಾಲಿಗೆ ಬಲ ಬರುತ್ತಿರಲಿಲ್ಲ.

೧೯೪೪ರಲ್ಲಿ ಡಿಲೋರ್ಮ್ ಮಂಡಿಗೆ ಪೆಟ್ಟಾದ ಸೈನಿಕನೊಬ್ಬನ ಪಾದಕ್ಕೆ ಕಬ್ಬಿಣದ ಬೂಟು ಕಟ್ಟಿಸಿ, ಅದಕ್ಕೆ ಭಾರ ಸೇರಿಸಿ ಎತ್ತಿಸಿದರು. ಬಲ ಬಂತು. ಒಬ್ಬನಾದ ಮೇಲೆ ಒಬ್ಬನಿಗೆ ಮಾಡಿಸಿದರು. ೧೯೪೫ರಲ್ಲಿ ಅದನ್ನು ಮೂಳೆ ಶಸ್ತ್ರಚಿಕಿತ್ಸೆಯ ಪತ್ರಿಕೆಯಲ್ಲಿ ಬರೆದು ಪ್ರಕಟಿಸಿದರು. ಅವರ ಲೆಕ್ಕ ಸರಳ. ರೋಗಿ ಹತ್ತು ಸಲ ಮಾತ್ರ ಎತ್ತಬಲ್ಲ, ಹನ್ನೊಂದನೆಯ ಸಲಕ್ಕೆ ಆಗುವುದಿಲ್ಲ ಎನ್ನುವಂಥ ಭಾರವನ್ನು ಮೊದಲು ಕಂಡುಹಿಡಿಯಬೇಕು. ಅದು ಪುಸ್ತಕದಲ್ಲಿ ಸಿಗುವುದಿಲ್ಲ, ಅವನ ಕಾಲೇ ಹೇಳಬೇಕು. ವಾರಕ್ಕೊಮ್ಮೆ ಅದನ್ನು ಮತ್ತೆ ಕೇಳಬೇಕು. ಹಗುರದಿಂದ ಶುರು ಮಾಡಿ ಆ ಭಾರಕ್ಕೆ ಏರುತ್ತಾ, ಹತ್ತರಂತೆ ಏಳರಿಂದ ಹತ್ತು ಸುತ್ತು, ಒಟ್ಟು ಎಪ್ಪತ್ತರಿಂದ ನೂರು ಸಲ ಎತ್ತಿಸುತ್ತಿದ್ದರು.

ನೂರು ಸಲ! ಅಣ್ಣನ ಮಗಳು ಕೊಟ್ಟ ಹಾಳೆಗಳಲ್ಲಿ ಆ ಅಂಕಿಯ ಕೆಳಗೆ ಕೆಂಪು ಗೆರೆ ಎಳೆದು, ಮಡಿಚಿ ಕೈಚೀಲದಲ್ಲಿ ಇಟ್ಟುಕೊಂಡೇ ಜಿಮ್ಮಿಗೆ ಹೋಗಿದ್ದೆ.

ನಮ್ಮ ಹುಡುಗ ಮೊದಲ ವಾರ ನನ್ನ ಕೈಗೆ ಕೊಟ್ಟದ್ದು ಒಂದು ಪೊರಕೆ ಕಡ್ಡಿಯಷ್ಟು ಹಗುರದ ಮರದ ಕೋಲು. ಅದನ್ನು ಹಿಡಿದು ಬಗ್ಗುವುದು, ಏಳುವುದು, ತಲೆಯ ಮೇಲೆ ಎತ್ತುವುದು. "ಬೆನ್ನು ನೇರ ಮಿಸ್, ಉಸಿರು ಬಿಡಿ ಮಿಸ್." ಎರಡನೆಯ ವಾರವೂ ಕೋಲೇ. ನನಗೆ ರೇಗಿತು. ಅಲ್ಲಿದ್ದ ನಾಲ್ಕಾರು ಹೆಂಗಸರ ಎದುರಿಗೇ ಹಾಳೆ ತೆಗೆದು, "ನೀನು ಇದನ್ನು ಓದಿದ್ದೀಯೇನಪ್ಪಾ? ಹಗುರದ ವ್ಯಾಯಾಮದಿಂದ ಬಲ ಬರಲ್ಲ ಅಂತ ಎಂಬತ್ತು ವರ್ಷದ ಹಿಂದೆಯೇ ಬರೆದಿದ್ದಾರೆ" ಎಂದೆ. ತರಗತಿಯ ಧ್ವನಿಯೇ ಬಂದುಬಿಟ್ಟಿತ್ತು. ಅವನು ತಲೆ ತಗ್ಗಿಸಿ ನಿಂತ, ಎಂಟನೆಯ ತರಗತಿಯಲ್ಲಿ ನಿಲ್ಲುತ್ತಿದ್ದ ಹಾಗೆಯೇ. "ಇಲ್ಲ ಮಿಸ್" ಎಂದ.

ಅವನು ಇನ್ನೊಬ್ಬರ ಕಡೆ ತಿರುಗಿದಾಗ ನಾನೇ ಹೋಗಿ ನಾಲ್ಕು ಕಿಲೋದ ಎರಡು ಡಂಬೆಲ್ಸ್ ತೆಗೆದುಕೊಂಡು ಹತ್ತು ಸುತ್ತು ಹತ್ತು ಸಲ ತಲೆಯ ಮೇಲೆ ಎತ್ತಿದೆ. ಎಂಟನೆಯ ಸುತ್ತಿಗೆ ತೋಳು ನಡುಗುತ್ತಿತ್ತು. ನಿಲ್ಲಿಸಲಿಲ್ಲ. ಅಂದು ಮನೆಗೆ ಬಂದಾಗ ಏನೋ ಗೆದ್ದ ಹಾಗಿತ್ತು. ಮಾರನೆಯ ಬೆಳಗ್ಗೆ ಜಡೆ ಹೆಣೆದುಕೊಳ್ಳಲು ಕೈ ಎತ್ತಿದರೆ ಕೈ ಮೇಲೇಳಲಿಲ್ಲ. ಭುಜದ ಸ್ನಾಯುವಿಗೆ ಪೆಟ್ಟಾಗಿತ್ತು. ಆರು ವಾರ ನನಗೆ ಜಡೆ ಹಾಕಿದವರು ಎಂಬತ್ತರ ಗಡಿಯಲ್ಲಿರುವ ನಮ್ಮತ್ತೆ. ಹಾಕುತ್ತಾ ಒಂದು ಮಾತೂ ಆಡುತ್ತಿರಲಿಲ್ಲ, ಅದೇ ಹೆಚ್ಚು ಚುಚ್ಚುತ್ತಿತ್ತು.

ಆ ಆರು ವಾರದಲ್ಲಿ ಉಳಿದ ಹಾಳೆಗಳನ್ನು ಓದಿದೆ. ಕಟ್ಟಿನ ತಳದಲ್ಲಿ ಡಿಲೋರ್ಮ್ ಅವರ ಇನ್ನೊಂದು ಲೇಖನವಿತ್ತು. ೧೯೪೮ರದು, ಆರ್ಥರ್ ವಾಟ್ಕಿನ್ಸ್ ಎಂಬ ಡಾಕ್ಟರ ಜೊತೆ ಸೇರಿ ಬರೆದದ್ದು. ಅದರಲ್ಲಿ ಡಿಲೋರ್ಮ್ ತಾವು ಮೂರು ವರ್ಷದ ಹಿಂದೆ ಹೇಳಿದ ಎಪ್ಪತ್ತು-ನೂರರ ಲೆಕ್ಕ ಅತಿಯಾಗಿತ್ತು, ಇಪ್ಪತ್ತರಿಂದ ಮೂವತ್ತು ಸಲ ಸಾಕು ಎಂದು ಯಾವ ಸುತ್ತುಬಳಸೂ ಇಲ್ಲದೆ ಬರೆದಿದ್ದರು. ಹತ್ತು ಸಲ ಎತ್ತಬಲ್ಲ ಭಾರದ ಅರ್ಧವನ್ನು ಮೊದಲ ಸುತ್ತು, ಮುಕ್ಕಾಲನ್ನು ಎರಡನೆಯ ಸುತ್ತು, ಪೂರ್ತಿಯನ್ನು ಮೂರನೆಯ ಸುತ್ತು. ಮುಗಿಯಿತು. ಇವತ್ತಿಗೂ ಜಿಮ್ಮುಗಳಲ್ಲಿ 'ಹತ್ತರಂತೆ ಮೂರು ಸೆಟ್' ಎನ್ನುವ ಹುಡುಗರಲ್ಲಿ ಡಿಲೋರ್ಮ್ ಹೆಸರು ಕೇಳಿದವರು ಎಷ್ಟು ಮಂದಿಯೋ.

ಆ ಹಾಳೆ ಹಿಡಿದು ಬಹಳ ಹೊತ್ತು ಕುಳಿತಿದ್ದೆ. ಆ ಹೊತ್ತಿಗೆ ಅವರ ಪದ್ಧತಿಗೆ ವೈದ್ಯಲೋಕದಲ್ಲಿ ಹೆಸರು ಬಂದಿತ್ತು. ಸೈನಿಕರು ನಡೆದಾಡುತ್ತಿದ್ದರು. ಹಳೆಯ ಅಂಕಿಯನ್ನು ಹಾಗೆಯೇ ಬಿಟ್ಟಿದ್ದರೆ ಯಾರೂ ಬಂದು ಕೇಳುತ್ತಿರಲಿಲ್ಲವೇನೋ. ಮೂವತ್ತು ವರ್ಷ ಪಾಠ ಮಾಡಿದ ನಾನು 'ಮಕ್ಕಳೇ, ಹೋದ ವರ್ಷದವರಿಗೆ ನಾನು ಹೇಳಿದ್ದು ತಪ್ಪು' ಎಂದು ಎಷ್ಟು ಸಲ ಹೇಳಿದ್ದೇನೆ ಎಂದು ಲೆಕ್ಕ ಹಾಕಿದೆ. ಬೆರಳು ಮಡಿಚುವ ಅಗತ್ಯವೇ ಬೀಳಲಿಲ್ಲ.

ಅದೇ ಕಟ್ಟಿನಲ್ಲಿ ನನ್ನ ವಯಸ್ಸಿನವರಿಗೆ ಧೈರ್ಯ ತರುವ ಸಂಗತಿಗಳೂ ಇದ್ದವು. ೧೯೯೦ರಲ್ಲಿ ಬಾಸ್ಟನ್ನಿನ ಡಾಕ್ಟರ್ ಮರಿಯಾ ಫಿಯಟರೋನ್ ಮತ್ತು ಸಂಗಡಿಗರು ವೃದ್ಧರ ಆಶ್ರಯಧಾಮದಲ್ಲಿದ್ದ ತೊಂಬತ್ತರ ಆಸುಪಾಸಿನ ಹತ್ತು ಜನರಿಗೆ ಎಂಟು ವಾರ ಕಾಲಿನಿಂದ ಭಾರ ಎತ್ತಿಸಿದರು. ಕೊನೆಯವರೆಗೆ ಉಳಿದವರು ಒಂಬತ್ತು ಜನ. ಅವರ ಕಾಲಿನ ಬಲ ಸರಾಸರಿ ೧೭೪ ಶೇಕಡಾ ಹೆಚ್ಚಿತು. ತೊಂಬತ್ತರಲ್ಲಿ! ಅಲ್ಲಿಯೂ ಮೊದಲ ವಾರ ಕೊಟ್ಟದ್ದು ಅವರು ಒಮ್ಮೆ ಎತ್ತಬಲ್ಲ ಭಾರದ ಅರ್ಧ ಮಾತ್ರ.

ಇನ್ನೊಂದು ಆಸ್ಟ್ರೇಲಿಯಾದ್ದು, ೨೦೧೮ರಲ್ಲಿ ಅಚ್ಚಾದದ್ದು. ಮುಟ್ಟು ನಿಂತ, ಮೂಳೆ ಸವೆದ ನೂರೊಂದು ಹೆಂಗಸರು, ಅಂದರೆ ನಾನೇ. ಒಂದು ಗುಂಪಿನವರು ವಾರಕ್ಕೆರಡು ಸಲ, ಅರ್ಧರ್ಧ ಗಂಟೆ, ಎಂಟು ತಿಂಗಳು ನಿಜವಾಗಿಯೂ ದೊಡ್ಡ ಭಾರ ಎತ್ತಿದರು. ಬೆನ್ನುಮೂಳೆಯ ಸಾಂದ್ರತೆ ಹೆಚ್ಚಿತು. ಇದನ್ನು ಮೊದಲ ಓದಿನಲ್ಲಿಯೇ ಕಂಡಿದ್ದೆ, ಅದಕ್ಕೂ ಕೆಂಪು ಗೆರೆ ಎಳೆದಿದ್ದೆ. ಎರಡನೆಯ ಓದಿನಲ್ಲಿ ಕಂಡದ್ದು ಅದರ ಪಕ್ಕದ ಸಾಲುಗಳು. ಆ ಹೆಂಗಸರು ಎತ್ತಿದ್ದೆಲ್ಲ ಬಲ್ಲವರ ಕಣ್ಣೆದುರಿಗೆ. ಮೊದಲ ತಿಂಗಳು ಪೂರ್ತಿ ತಮ್ಮ ಮೈಭಾರದಿಂದ, ತೀರ ಹಗುರದ ತೂಕಗಳಿಂದ ಭಂಗಿ ಕಲಿಯುವುದಕ್ಕೇ ಮೀಸಲು. ಅಂದರೆ ಮರದ ಕೋಲು! ನಮ್ಮ ಮೂವತ್ತೈದು ಅಂಕದ ಹುಡುಗ, ಆ ಹಾಳೆಯನ್ನು ಕಣ್ಣಿನಿಂದ ಕಾಣದೆಯೇ, ಅದರಲ್ಲಿದ್ದುದನ್ನೇ ನನಗೆ ಮಾಡಿಸುತ್ತಿದ್ದ. ಅವನಿಗೆ ಅವನ ಗುರು ಹೇಳಿಕೊಟ್ಟಿದ್ದನಂತೆ, ಆ ಗುರುವಿಗೆ ಇನ್ನಾವುದೋ ಗರಡಿಯ ಉಸ್ತಾದರು.

ಭುಜ ವಾಸಿಯಾದ ಮೇಲೆ ಮತ್ತೆ ಹೋದೆ. ಮೆಟ್ಟಿಲು ಹತ್ತುವಾಗ ಕಾಲು ಹಿಂದೆಗೆಯುತ್ತಿತ್ತು. ಅವನು ಎಂದಿನಂತೆ ಎದ್ದು ನಿಂತ. "ಅವತ್ತು ಎಲ್ಲರೆದುರಿಗೆ ಹಾಗೆ ಮಾತಾಡಬಾರದಿತ್ತು ಕಣಪ್ಪಾ. ನಾನು ಅರ್ಧ ಓದಿಕೊಂಡು ಬಂದಿದ್ದೆ" ಎಂದೆ. ಇದನ್ನೂ ಎಲ್ಲರೆದುರಿಗೇ ಹೇಳಿದೆ, ಲೆಕ್ಕ ಸರಿಹೋಗಲಿ ಎಂದು. ಅವನ ಕಿವಿ ಕೆಂಪಾಯಿತು. "ಬಿಡಿ ಮಿಸ್, ತಪ್ಪು ನಂದೂ ಇದೆ. ಯಾಕೆ ಕೋಲು ಅಂತ ನಾನು ನಿಮಗೆ ಹೇಳ್ಲೇ ಇಲ್ಲ. ನಿಮಗೆ ಹೇಳೋಕೆ ಭಯ ಆಯ್ತು" ಎಂದ.

ಈ ಮಾತು ನನ್ನನ್ನು ಭುಜದ ನೋವಿಗಿಂತ ಹೆಚ್ಚು ಕಾಡಿದೆ. ಗೊತ್ತಿದ್ದವನು ಗೊತ್ತಿಲ್ಲದವಳಿಗೆ ಹೇಳಲು ಹೆದರುವಂತೆ ಮಾಡಿದ್ದು ಯಾರು? ನಾನೇ, ಇಪ್ಪತ್ತು ವರ್ಷದ ಹಿಂದೆ, ಕೈಯಲ್ಲಿ ಸ್ಕೇಲು ಹಿಡಿದುಕೊಂಡು.

ಈಗ ಹದಿನಾಲ್ಕು ತಿಂಗಳಾಯಿತು. ಒಂದು ನೋಟ್‌ಬುಕ್ ಇಟ್ಟಿದ್ದೇನೆ, ಅದರಲ್ಲಿ ದಿನದ ಲೆಕ್ಕವನ್ನು ಬರೆಯುವವನು ಅವನು. ಅವನ ಅಕ್ಷರ ಇನ್ನೂ ಸುಧಾರಿಸಿಲ್ಲ. ಹತ್ತು ಸಲ ನೆಲದಿಂದ ಎತ್ತಬಲ್ಲ ನನ್ನ ಭಾರ ಸದ್ಯಕ್ಕೆ ಹದಿನಾರು ಕಿಲೋ. ಮೊದಲ ಸುತ್ತು ಎಂಟು, ಆಮೇಲೆ ಹನ್ನೆರಡು, ಆಮೇಲೆ ಹದಿನಾರು.

ಕಳೆದ ತಿಂಗಳು ಮಗಳ ಮದುವೆಗೆ ಕರೆಯಲು ಬಂದಿದ್ದ ಅವನ ಅಕ್ಕನ ಜೊತೆ ಅವನೂ ಮನೆಗೆ ಬಂದ. ಕಾಫಿ ಮಾಡುತ್ತಿದ್ದಂತೆ ಗ್ಯಾಸ್ ಮುಗಿಯಿತು. ತುಂಬಿದ ಸಿಲಿಂಡರ್ ಹಿತ್ತಲಿನ ಬಾಗಿಲ ಹತ್ತಿರ ಇತ್ತು. ನಾನು ಸೆರಗು ಸಿಕ್ಕಿಸಿಕೊಂಡು, "ಎತ್ತಲೇನಪ್ಪಾ?" ಎಂದು ಕೇಳಿದೆ. ಅವನು ಸಿಲಿಂಡರನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದ.

"ಮೂವತ್ತು ಕಿಲೋ ಬರುತ್ತೆ ಮಿಸ್. ಸದ್ಯಕ್ಕೆ ಉರುಳಿಸ್ಕೊಂಡೇ ಬನ್ನಿ."

ಉರುಳಿಸಿಕೊಂಡು ಬಂದೆ.